ನಿಮಗಿದು ಗೊತ್ತೇ? ಊಟಿ ಚಳಿಗೂ ಜಗ್ಗದ ತಿಗಣೆ

ಊಟಿಯ ಚಳಿಯಲ್ಲಿ ತಿಗಣೆ ಬದುಕಲಾರದು ಎಂದು ನಂಬಿದವರು ಬಹಳ ಜನ. ಡಿಸೆಂಬರ್, ಜನವರಿಯಲ್ಲಿ ತಲೈಕುಂದಾ, ಅವಲಾಂಚಿ ಕಡೆ ಬೆಳಗಿನ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತಿರುತ್ತದೆ, ಪಾದರಸ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ, ನಿಜ. ಆದರೆ ತಿಗಣೆಯನ್ನು ಚಳಿಯಿಂದಲೇ ಕೊಲ್ಲಬೇಕಾದರೆ ಮೈನಸ್ 18 ಡಿಗ್ರಿಯಲ್ಲಿ ಸುಮಾರು ನಾಲ್ಕು ದಿನ ಇಡಬೇಕು. ಅಂಥ ಚಳಿ ನೀಲಗಿರಿಯಲ್ಲಿ ಬೀಳುವುದಿಲ್ಲ, ಡೀಪ್ ಫ್ರೀಜರಿನಲ್ಲಿ ಮಾತ್ರ ಸಿಗುತ್ತದೆ.

ಚಳಿ ಅದಕ್ಕೆ ಉಪಕಾರವನ್ನೇ ಮಾಡುತ್ತದೆ! ಬೆಚ್ಚಗಿನ ಕೋಣೆಯಲ್ಲಿ ರಕ್ತ ಸಿಗದ ತಿಗಣೆ ಕೆಲವು ತಿಂಗಳಲ್ಲಿ ಸಾಯುತ್ತದೆ. 10 ಡಿಗ್ರಿಯ ಸುತ್ತಮುತ್ತ ಮಾತ್ರ ಅದರ ಮೈಯ ವ್ಯವಹಾರವೆಲ್ಲ ನಿಧಾನವಾಗಿ, ವರ್ಷ ದಾಟಿಯೂ ಉಪವಾಸ ಇರಬಲ್ಲದು. ಊಟಿಯ ಸೀಸನ್ ಏಪ್ರಿಲ್, ಮೇ. ಫಲಪುಷ್ಪ ಪ್ರದರ್ಶನ ಮುಗಿದು ಮಳೆ ಹಿಡಿದ ಮೇಲೆ ಎಷ್ಟೋ ಕೋಣೆಗಳಿಗೆ ಬೀಗ ಬೀಳುತ್ತದೆ. ‘ಆರು ತಿಂಗಳಿಂದ ಯಾರೂ ಮಲಗಿಲ್ಲ ಸಾರ್, ರೂಮ್ ಕ್ಲೀನ್ ಇದೆ’ ಎಂಬ ಮಾತಿಗೆ ಸಮಾಧಾನಪಡಬೇಡಿ. ಆರು ತಿಂಗಳಿಂದ ಉಣ್ಣದೆ ಕಾದಿರುವವರು ಹಾಸಿಗೆಯ ಸಂದಿಯಲ್ಲಿ ಇರಬಹುದು.

ಹಾಗಾದರೆ ಚಳಿಯಲ್ಲಿ ಅವು ಮರಿ ಮಾಡುತ್ತವೆಯೇ? 13–14 ಡಿಗ್ರಿಗಿಂತ ಕೆಳಗೆ ಮೊಟ್ಟೆ ಒಡೆಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. 18 ಡಿಗ್ರಿಯಲ್ಲಿ ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಸುಮಾರು ನಾಲ್ಕು ತಿಂಗಳು, 28 ಡಿಗ್ರಿಯಲ್ಲಿ ಸುಮಾರು ಐದು ವಾರ. 2,240 ಮೀಟರ್ ಎತ್ತರದ ಊಟಿಗೂ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಗೂಡಲೂರು, ಮಸಿನಗುಡಿಗೂ ಇರುವ ವ್ಯತ್ಯಾಸ ಇದೇ: ಕೆಳಗಿನ ಊರುಗಳಲ್ಲಿ ಸಂಸಾರ ಬೇಗ ಬೆಳೆಯುತ್ತದೆ, ಮೇಲಿನ ಊರಿನಲ್ಲಿ ಇರುವವು ಹೆಚ್ಚು ಕಾಲ ಬಾಳುತ್ತವೆ. ಊಟಿಯ ಕೋಣೆಗೆ ರೂಮ್ ಹೀಟರ್ ಇಟ್ಟರೆ ಎರಡೂ ಸೌಕರ್ಯ ಒಟ್ಟಿಗೆ ಸಿಕ್ಕಂತೆ.

ತಿಗಣೆಯಲ್ಲಿ ಮನುಷ್ಯನನ್ನು ನೆಚ್ಚಿದ ಜಾತಿಗಳು ಮುಖ್ಯವಾಗಿ ಎರಡು. ಒಂದು ಸೈಮೆಕ್ಸ್ ಲೆಕ್ಟುಲೇರಿಯಸ್, ತಂಪು ಸೀಮೆಯದು. ಇನ್ನೊಂದು ಸೈಮೆಕ್ಸ್ ಹೆಮಿಪ್ಟೆರಸ್, ಉಷ್ಣ ಸೀಮೆಯದು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಇದೇ. ಎರಡಕ್ಕೂ ರೆಕ್ಕೆ ಇಲ್ಲ, ನೆಗೆತವೂ ಇಲ್ಲ. ಅವು ಊರೂರು ಸುತ್ತುವುದು ನಮ್ಮ ಬ್ಯಾಗಿನಲ್ಲಿ.

ತಿಗಣೆ ಡೈನೋಸಾರ್ ಕಾಲದ್ದು. 2019ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದ ಪ್ರಕಾರ ಈ ಕುಲ ಹುಟ್ಟಿ ಸುಮಾರು 11.5 ಕೋಟಿ ವರ್ಷವಾಯಿತು. ತಿಗಣೆಗಳು ಮೊದಲು ಬಾವಲಿಯ ರಕ್ತ ಕುಡಿದು ಬೆಳೆದವು ಎಂಬ ಹಳೆಯ ಊಹೆ ಇದರಿಂದ ಬಿದ್ದುಹೋಯಿತು. ಬಾವಲಿ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಇವು ಇದ್ದವು!

ಪಂಚತಂತ್ರದ ರಾಜನ ಹಾಸಿಗೆಯ ಕಥೆ ನೆನಪಿದೆಯೇ? ಮಂದವಿಸರ್ಪಿಣಿ ಎಂಬ ಹೇನು, ಅಗ್ನಿಮುಖ ಎಂಬ ತಿಗಣೆ. ರಾಜ ಗಾಢ ನಿದ್ದೆಗೆ ಹೋಗುವವರೆಗೂ ಕಾಯಬೇಕೆಂದು ಹೇನು ಹೇಳಿದ್ದರೂ ತಿಗಣೆ ಆತುರಪಟ್ಟು ಕಚ್ಚಿತು, ಕಚ್ಚಿದ್ದೇ ಮಂಚದ ಸಂದಿಗೆ ನುಗ್ಗಿತು. ಸೇವಕರು ದೀಪ ಹಿಡಿದು ಹುಡುಕಿದಾಗ ಸಿಕ್ಕಿದ್ದು ಬಟ್ಟೆಯಲ್ಲಿದ್ದ ಬಡಪಾಯಿ ಹೇನು. ಕೆಟ್ಟವರ ಸಹವಾಸ ಬೇಡ ಎಂಬುದು ಕಥೆಯ ನೀತಿ. ನನಗಂತೂ ಅದು ಕೀಟಶಾಸ್ತ್ರದ ಪಾಠವಾಗಿಯೇ ಕಾಣುತ್ತದೆ: ಹೇನು ಮೈಮೇಲೆ ಇರುತ್ತದೆ, ತಿಗಣೆ ಇರುವುದಿಲ್ಲ. ಐದು–ಹತ್ತು ನಿಮಿಷ ಉಂಡು ಮಂಚಕ್ಕೆ ಹಿಂದಿರುಗುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಮಂಚವನ್ನು.

ಲಕ್ಷ್ಮಿ ಕಮಲದಲ್ಲಿ, ಶಿವ ಹಿಮಾಲಯದಲ್ಲಿ, ವಿಷ್ಣು ಕ್ಷೀರಸಾಗರದಲ್ಲಿ ಮಲಗಿದ್ದು ತಿಗಣೆಗೆ ಹೆದರಿ ಎಂದು ತಮಾಷೆ ಮಾಡುವ ಸಂಸ್ಕೃತ ಸುಭಾಷಿತವೊಂದಿದೆ. ಹಿಮಾಲಯದ ಆಯ್ಕೆ ಸರಿ. ಊಟಿಯಾಗಿದ್ದರೆ ಶಿವನಿಗೂ ಕಚ್ಚುತ್ತಿತ್ತು.

ತಿಗಣೆ ಕೊಳಕು ಮನೆಯ ಗುರುತು ಅಲ್ಲ. ಅದಕ್ಕೆ ಕಸ ಬೇಕಿಲ್ಲ, ಮುಸುರೆ ಬೇಕಿಲ್ಲ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ, ಮೈವಾಸನೆ ಸಾಕು. 2024ರ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ಪ್ಯಾರಿಸ್ ಹಿಂದಿನ ವರ್ಷ ತಿಗಣೆಯಿಂದಲೇ ಸುದ್ದಿಯಾಯಿತು. 2017ರಿಂದ 2022ರ ನಡುವೆ ಫ್ರಾನ್ಸಿನ ಶೇ. 11ರಷ್ಟು ಮನೆಗಳಲ್ಲಿ ಅದರ ಕಾಟವಿತ್ತೆಂದು ಅಲ್ಲಿನ ಸರ್ಕಾರಿ ಸಂಸ್ಥೆಯೇ ಹೇಳಿದೆ. ಕಸ ಕಾರಣವಲ್ಲ, ಆದರೆ ಕಸಕಡ್ಡಿ, ಹಳೆ ಪೆಟ್ಟಿಗೆ, ಬಟ್ಟೆಯ ಗಂಟು ಹೆಚ್ಚಾದಷ್ಟೂ ಅಡಗುತಾಣ ಹೆಚ್ಚು.

ಬಿಚ್ಚಿದ ಬಟ್ಟೆಯನ್ನು ಲಾಡ್ಜಿನ ಮಂಚದ ಪಕ್ಕ ಗುಡ್ಡೆ ಹಾಕುವವರು ಗಮನಿಸಿ: ತೊಟ್ಟು ಬಿಚ್ಚಿದ ಬಟ್ಟೆಗೆ ತಿಗಣೆ ಒಗೆದ ಬಟ್ಟೆಗಿಂತ ಎರಡು ಪಟ್ಟು ಹೆಚ್ಚು ಬರುತ್ತದೆ ಎಂದು 2017ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ತೋರಿಸಿದರು. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿಬಿಡಿ.

ವಿಜ್ಞಾನಕ್ಕಾಗಿ 1,80,000 ಕಡಿತ! ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ರೆಜಿನ್ ಗ್ರೀಸ್ ಪ್ರಯೋಗಾಲಯದ ತಿಗಣೆಗಳಿಗೆ ವರ್ಷಗಟ್ಟಲೆ ತಮ್ಮ ತೋಳನ್ನೇ ಒಡ್ಡಿದರು. ಫಲಿತಾಂಶ 2014ರ ಕೊನೆಗೆ ಬಂತು: ತಿಗಣೆಗಳನ್ನು ಒಂದೆಡೆ ನೆಲೆ ನಿಲ್ಲಿಸುವ ರಾಸಾಯನಿಕಗಳಲ್ಲಿ ಹಿಸ್ಟಮೀನ್ ಮುಖ್ಯವಾದದ್ದು.

ಮೊದಲ ಸಲ ಕಚ್ಚಿಸಿಕೊಂಡವರಿಗೆ ಗುಳ್ಳೆ ಏಳಲು ಕೆಲವು ದಿನ ಹಿಡಿಯಬಹುದು, ಕೆಲವರಿಗೆ ಏಳುವುದೇ ಇಲ್ಲ. ಊಟಿಯಲ್ಲಿ ಕಚ್ಚಿದ್ದು ಮೈಸೂರಿಗೆ ಬಂದ ಮೇಲೆ ತುರಿಸಿದರೆ ಸೊಳ್ಳೆಯನ್ನು ಬೈಯುತ್ತೇವೆ. ಗಂಡನಿಗೆ ಮೈಯೆಲ್ಲ ದದ್ದು, ಹೆಂಡತಿಗೆ ಏನೂ ಇಲ್ಲ ಎಂದರೆ ಹೆಂಡತಿಯನ್ನು ಕಚ್ಚಿಲ್ಲ ಎಂದಲ್ಲ.

ಈಗ ಸ್ವಲ್ಪ ಇತಿಹಾಸ. ಮಸಿನಗುಡಿಯಿಂದ ಕಲ್ಹಟ್ಟಿಯ ಕಡಿದಾದ ತಿರುವುಗಳನ್ನು ಹತ್ತಿ ಊಟಿ ಸೇರುವ ಸೀಗೂರು ಘಾಟಿ ನಮ್ಮವರಿಗೆಲ್ಲ ಚೆನ್ನಾಗಿ ಗೊತ್ತು. 1897ರಲ್ಲಿ ಬೆಂಗಳೂರಿನಿಂದ ಊಟಿಗೆ ರಜೆಗೆ ಬಂದಿದ್ದ ರೊನಾಲ್ಡ್ ರಾಸ್‌ಗೆ ಮಲೇರಿಯಾ ತಗುಲಿದ್ದು ಈ ಘಾಟಿಯ ಸುತ್ತಾಟದಲ್ಲಿ. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಅವರು ಕಂಡರು. ಸೊಳ್ಳೆ ಸಿಕ್ಕಿಬಿದ್ದ ಮೇಲೆ ರಕ್ತ ಕುಡಿಯುವ ಎಲ್ಲ ಕೀಟಗಳ ಮೇಲೂ ಅನುಮಾನ ಹುಟ್ಟಿತು. ಕಾಲಾ ಅಜಾರ್ ಎಂಬ ಜ್ವರವನ್ನು ಹರಡುವುದು ತಿಗಣೆಯೇ ಎಂದು ಮದರಾಸಿನಲ್ಲಿ ಡಬ್ಲ್ಯು. ಎಸ್. ಪ್ಯಾಟನ್ ವರ್ಷಗಟ್ಟಲೆ ವಾದಿಸಿದರು. ತಿಗಣೆಯ ಹೊಟ್ಟೆಯಲ್ಲಿ ಆ ಪರಾವಲಂಬಿ ಬೆಳೆಯುವುದೂ ಕಂಡಿತ್ತು. ಆದರೂ ಅಪರಾಧಿ ಬೇರೆ ಇತ್ತು. ಸಿ. ಎಸ್. ಸ್ವಾಮಿನಾಥ್ ಮತ್ತು ಸಂಗಡಿಗರು 1942ರಲ್ಲಿ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಮರಳುನೊಣವೇ ಅದನ್ನು ಹರಡುವುದೆಂದು ಸಾಧಿಸಿದರು. ತಿಗಣೆಗೆ ಬಿಡುಗಡೆ!

ಆ ಬಿಡುಗಡೆ ಇಂದಿಗೂ ಊರ್ಜಿತ. ಮನೆಗಳಲ್ಲಿ ತಿಗಣೆಯಿಂದ ಮನುಷ್ಯರಿಗೆ ರೋಗ ಹರಡಿದ್ದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ತುರಿಕೆ, ಕೆರೆದು ಆಗುವ ಹುಣ್ಣು, ನಿದ್ದೆಗೇಡು ಇವೇ ಅದರ ಕೊಡುಗೆ. ಕಾಟ ವಿಪರೀತವಾದರೆ ರಕ್ತಹೀನತೆಯೂ ಬರಬಹುದು.

ಮಸಿನಗುಡಿಯ ಕಾಡಂಚಿನಲ್ಲಿ ತಂಗುವವರು ಮಾತ್ರ ಉಣ್ಣೆಯನ್ನೂ ತಿಗಣೆಯನ್ನೂ ಕಲಸಿಕೊಳ್ಳಬಾರದು. ತಿಗಣೆಗೆ ಆರು ಕಾಲು, ಬಲಿತ ಉಣ್ಣೆಗೆ ಎಂಟು. ತಿಗಣೆ ಕಚ್ಚಿ ಹೋಗುತ್ತದೆ, ಉಣ್ಣೆ ಚರ್ಮಕ್ಕೆ ಕಚ್ಚಿಕೊಂಡೇ ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದ ಬರುವಂಥದ್ದು, 2012ರ ಕೊನೆಯಲ್ಲಿ ಬಂಡೀಪುರದಲ್ಲೂ ಅದು ಕಾಣಿಸಿಕೊಂಡಿತು. ಬಂಡೀಪುರ, ಮಸಿನಗುಡಿ ಕಡೆಯ ಮುದುಮಲೈ ಒಂದೇ ಕಾಡು. ಅಲ್ಲಿ ಉಣ್ಣೆ ಕಚ್ಚಿ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತಿಳಿಸಿ.

ನೀಲಗಿರಿ ಎಣ್ಣೆ ಚಿಮುಕಿಸಿದರೆ ತಿಗಣೆ ಓಡುತ್ತದೆಯೇ? ಊಟಿಯ ಪ್ರತಿ ಅಂಗಡಿಯಲ್ಲೂ ಸಿಗುವ ಬಾಟಲಿ, ಕೊಂಡು ತರದವರಿಲ್ಲ. ಮೈಮೇಲೆ ನೇರವಾಗಿ ಬಿದ್ದರೆ ಕೆಲವು ಸಾಯಬಹುದು. ಸಂದಿಯೊಳಗೆ ಕೂತದ್ದಕ್ಕೂ ಮೊಟ್ಟೆಗೂ ಬರಿಯ ವಾಸನೆ ಏನೂ ಮಾಡುವುದಿಲ್ಲ. ನೆಗಡಿಗೆ ಇಟ್ಟುಕೊಳ್ಳಿ. ಬೆಂಕಿ ಬೇಗ ಹತ್ತುವ ಎಣ್ಣೆ ಅದು, ಹೀಟರ್ ಪಕ್ಕದ ಹಾಸಿಗೆಗೆ ಸುರಿಯುವುದಂತೂ ಬೇಡವೇ ಬೇಡ.

ಊಟಿಯ ಇನ್ನೊಂದು ಬೆಳೆಗೆ ಈ ವಿಷಯದಲ್ಲಿ ಹೆಚ್ಚಿನ ಅರ್ಹತೆ ಇದೆ: ಬೀನ್ಸ್. ಕಾಯಿ ಅಲ್ಲ, ಎಲೆ. ಯುರೋಪಿನ ಬಾಲ್ಕನ್ ಸೀಮೆಯ ಹಳ್ಳಿಗರು ರಾತ್ರಿ ಮಂಚದ ಸುತ್ತ ಬೀನ್ಸ್ ಎಲೆ ಹರಡಿ, ಬೆಳಿಗ್ಗೆ ತಿಗಣೆ ಸಮೇತ ಗುಡಿಸಿ ಸುಡುತ್ತಿದ್ದರು. ಎಲೆಯ ಮೇಲಿನ ಕಣ್ಣಿಗೆ ಕಾಣದ ಕೊಕ್ಕೆಗಳು ತಿಗಣೆಯ ಕಾಲಿಗೆ ಚುಚ್ಚಿ ಹಿಡಿಯುತ್ತವೆ ಎಂದು ಅಮೆರಿಕದ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಅದೇ ಅಚ್ಚಿನಲ್ಲಿ ಅವರು ಮಾಡಿದ ಕೃತಕ ಎಲೆಗೆ ಮಾತ್ರ ತಿಗಣೆ ಸಿಕ್ಕಿಬೀಳಲಿಲ್ಲ.

ಜಿರಳೆ, ಇರುವೆ ತಿಗಣೆಯನ್ನು ತಿನ್ನುತ್ತವೆ. ಅದಕ್ಕೆಂದು ಜಿರಳೆ ಸಾಕಬೇಡಿ.

ಡಿಡಿಟಿ ಬಂದಾಗ ತಿಗಣೆಯ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. 1947ರಷ್ಟು ಬೇಗ ಹವಾಯಿಯಲ್ಲಿ ಅದಕ್ಕೆ ಬಗ್ಗದ ತಿಗಣೆಗಳ ವರದಿ ಬಂತು. ಇಂದು ಅಂಗಡಿಯಲ್ಲಿ ಸಿಗುವ ಪೈರೆಥ್ರಾಯ್ಡ್ ಸ್ಪ್ರೇಗಳಿಗೂ ಎಷ್ಟೋ ಕಡೆಯ ತಿಗಣೆಗಳು ಜಗ್ಗುವುದಿಲ್ಲ. ಆಗ ಜನ ಹೆಚ್ಚು ವಿಷದ ಕಡೆ ಕೈಚಾಚುತ್ತಾರೆ. ಧಾನ್ಯಕ್ಕಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಉಗುಳುತ್ತದೆ. ಮಂಜು, ಮಳೆಯ ಊರಿನಲ್ಲಿ ತೇವಕ್ಕೇನು ಕೊರತೆ? ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರನ್ನು ಮೊದಲು ಕೊಲ್ಲುತ್ತದೆ. ಅದನ್ನು ಮನೆಯೊಳಗೆ ತರಲೇಬೇಡಿ. ಔಷಧಿ ಹೊಡೆಸುವುದಾದರೆ ಪರವಾನಗಿ ಇದ್ದವರಿಂದಲೇ ಹೊಡೆಸಿ, ಅವರು ಹೇಳಿದಷ್ಟು ಹೊತ್ತು ಹೊರಗಿದ್ದು, ಕಿಟಕಿ ತೆರೆದು ಗಾಳಿ ಆಡಿದ ಮೇಲೆ ಒಳಗೆ ಹೋಗಿ. ಮೊಟ್ಟೆಗೆ ಔಷಧಿ ನಾಟುವುದು ಕಡಿಮೆಯಾದ್ದರಿಂದ ಒಂದೇ ಸಲಕ್ಕೆ ಮುಗಿಯದು, ಎರಡು ವಾರ ಬಿಟ್ಟು ಮತ್ತೆ ಬೇಕು. ಗೂಡಲೂರು ಕಡೆಯ ಎಸ್ಟೇಟ್ ಲೈನ್ ಮನೆಗಳಂತೆ ಗೋಡೆಗೆ ಗೋಡೆ ಅಂಟಿದ್ದರೆ ಒಂದು ಮನೆಗೆ ಹೊಡೆಸಿ ಪ್ರಯೋಜನವಿಲ್ಲ, ಇಡೀ ಸಾಲಿಗೆ ಹೊಡೆಸಬೇಕು.

ಖರ್ಚಿಲ್ಲದ ಮದ್ದು ಬಿಸಿ. 45 ಡಿಗ್ರಿಯಲ್ಲಿ ಬಲಿತ ತಿಗಣೆ ಸುಮಾರು ಒಂದೂವರೆ ತಾಸಿಗೆ ಸಾಯುತ್ತದೆ, ಆದರೆ ಮೊಟ್ಟೆಗೆ ಏಳು ತಾಸು ಬೇಕು. 48 ಡಿಗ್ರಿಗೆ ಏರಿಸಿದರೆ ಮೊಟ್ಟೆಯೂ ಸುಮಾರು 70 ನಿಮಿಷಕ್ಕೆ ಮುಗಿಯುತ್ತದೆ. 60 ಡಿಗ್ರಿಯ ನೀರಿನಲ್ಲಿ ಬಟ್ಟೆ ಒಗೆದರೆ ಏನೂ ಉಳಿಯದು. ನಮ್ಮ ಅಜ್ಜಿಯರು ಮಂಚವನ್ನು ಅಂಗಳಕ್ಕೆ ಹಾಕಿ ಸಂದಿಗೆ ಕುದಿಯುವ ನೀರು ಹೊಯ್ಯುತ್ತಿದ್ದುದು ಶುದ್ಧ ವಿಜ್ಞಾನ. ಬರೀ ಬಿಸಿಲಿಗೆ ಹಾಸಿಗೆ ಒಣಗಿಸಿದರೆ ಮೇಲಿನ ಮೈ ಕಾಯುತ್ತದೆ, ಒಳಗಿನವು ನೆರಳಿನ ಬದಿಗೆ ಸರಿದುಕೊಳ್ಳುತ್ತವೆ. ಜುಲೈ ತಿಂಗಳ ಊಟಿಯಲ್ಲಿ ಆ ಬಿಸಿಲೂ ಇಲ್ಲ, ರಜಾಯಿ ಒಣಗಲು ದಿನಗಟ್ಟಲೆ ಬೇಕು. ಅಲ್ಲಿ ಹಬೆ ಇಸ್ತ್ರಿಪೆಟ್ಟಿಗೆಯನ್ನು ಹೊಲಿಗೆಯ ಅಂಚಿನುದ್ದಕ್ಕೂ ನಿಧಾನವಾಗಿ ಎಳೆಯುವುದೇ ಗತಿ.

ಊಟಿಯ ದಾರಿಯಲ್ಲಿರುವ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ತಡೆ. ಹೊತ್ತು ಮೀರಿದವರು ಸಿಕ್ಕಿದ ಲಾಡ್ಜಿಗೆ ನುಗ್ಗಿ ಹಾಸಿಗೆಗೆ ಬೀಳುತ್ತಾರೆ. ಬೀಳುವ ಮುಂಚೆ ಐದು ನಿಮಿಷ ಕೊಡಿ. ಬ್ಯಾಗನ್ನು ಮಂಚದ ಮೇಲಲ್ಲ, ಬಚ್ಚಲುಮನೆಯ ಟೈಲ್ಸ್ ಮೇಲೆ ಇಡಿ. ತಲೆದಿಂಬಿನ ಕಡೆಯ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ, ಹಾಸಿಗೆಯ ಸುತ್ತ ಹೊಲಿದಿರುವ ದಪ್ಪ ಅಂಚನ್ನು ಹೆಬ್ಬೆರಳಿನಿಂದ ಮಗುಚಿ, ಮೊಬೈಲ್ ಬೆಳಕು ಬಿಡಿ. ಸಾಲಾಗಿ ಕಪ್ಪು ಚುಕ್ಕೆಗಳಿದ್ದರೆ ಒದ್ದೆ ಬಟ್ಟೆಯಿಂದ ಒತ್ತಿ ನೋಡಿ. ಕಂದು ಬಣ್ಣಕ್ಕೆ ಹರಡಿದರೆ ಅದು ತಿಗಣೆಯ ಹಿಕ್ಕೆ, ಅಂದರೆ ಹಿಂದೆ ಮಲಗಿದವರ ಜೀರ್ಣವಾದ ರಕ್ತ. ಕಳಚಿದ ಒಣ ಪೊರೆಗಳು ಸಿಕ್ಕರೂ ಅಷ್ಟೇ: ಪ್ರಾಯಕ್ಕೆ ಬರುವಷ್ಟರಲ್ಲಿ ಒಂದೊಂದು ತಿಗಣೆ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲಕ್ಕೂ ಒಂದು ರಕ್ತದೂಟ ಬೇಕು. ಬಲಿತದ್ದು ಸೇಬಿನ ಬೀಜದಷ್ಟು ಇರುತ್ತದೆ, ಕಾಣದಿರುವುದಿಲ್ಲ. ಮಂಚದ ತಲೆಹಲಗೆಯ ಹಿಂದೆ, ಗೋಡೆಯ ಫೋಟೊ ಹಿಂದೆಯೂ ಒಮ್ಮೆ ಇಣುಕಿ. ಹೊಸಕಿದಾಗ ಕೊತ್ತಂಬರಿ ಸೊಪ್ಪನ್ನು ಹೋಲುವ ಘಾಟು ಬರುವುದು ಸುಳ್ಳಲ್ಲ, ಎರಡರಲ್ಲೂ ಆಲ್ಡಿಹೈಡ್ ಎಂಬ ಸಂಯುಕ್ತಗಳಿವೆ. ಸಿಕ್ಕಿತೆಂದರೆ ಕೌಂಟರಿನಲ್ಲಿ ‘ಮೂಟ್ಟೈಪ್ಪೂಚ್ಚಿ’ ಎನ್ನಿ, ತಮಿಳಿನಲ್ಲಿ ಅಷ್ಟು ಸಾಕು. ಬೇರೆ ಕೋಣೆ ಕೊಟ್ಟರೆ ಪಕ್ಕದ್ದೂ ಮೇಲಿನದೂ ಕೆಳಗಿನದೂ ಬೇಡ ಎನ್ನಿ.

ಫೋಟೊ ತೆಗೆದುಕೊಳ್ಳಿ, ಬಿಲ್ ಎಸೆಯಬೇಡಿ. 2022ರ ಆಗಸ್ಟ್‌ನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಖಾಸಗಿ ಬಸ್ಸಿನಲ್ಲಿ ಹೊರಟ ಮಹಿಳೆಯೊಬ್ಬರು ತಿಗಣೆ ಕಚ್ಚಿಸಿಕೊಂಡು ಗ್ರಾಹಕ ಆಯೋಗಕ್ಕೆ ಹೋದರು. ದಕ್ಷಿಣ ಕನ್ನಡ ಜಿಲ್ಲಾ ಆಯೋಗ ಅವರಿಗೆ 1.29 ಲಕ್ಷ ರೂಪಾಯಿ ಕೊಡುವಂತೆ ತೀರ್ಪಿತ್ತಿತು. ಊಟಿಯಲ್ಲಿ ಕಚ್ಚಿದ್ದಕ್ಕೆ ಊಟಿಗೇ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮೈಸೂರಿನವರು ಮೈಸೂರಿನಲ್ಲೇ, ಚಾಮರಾಜನಗರದವರು ಅಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ, ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಸಹಾಯವಾಣಿಯ ಸಂಖ್ಯೆ 1915.