ಹಲಗೆ, ಸೀರೆ ಮತ್ತು ಡಾಲರಿನ ಅರ್ಜಿ

ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂಥ ಊರಿಗೆ 'ಫಾರಿನ್ ರೊಕ್ಕ ಬರತೈತಿ' ಅನ್ನುವ ಮಾತು ಸಾಮಾನ್ಯ. ಯಾವ ರೊಕ್ಕ, ಯಾತಕ್ಕೆ?

ಯುನೆಸ್ಕೊದಲ್ಲಿ ಬೇರೆ ಬೇರೆ ನಿಧಿಗಳಿವೆ. 1972ರ ಒಪ್ಪಂದದ್ದು ಸ್ಮಾರಕ, ನಿಸರ್ಗತಾಣಗಳ ರಕ್ಷಣೆಗೆ. 2005ರ ಒಪ್ಪಂದದ ಸಾಂಸ್ಕೃತಿಕ ವೈವಿಧ್ಯ ನಿಧಿ ಹಾಗಲ್ಲ. ಅಭಿವೃದ್ಧಿಶೀಲ ದೇಶಗಳಲ್ಲಿ ಹಾಡು, ಸಿನೆಮಾ, ಪುಸ್ತಕ, ಕುಶಲಕಲೆಗಳು ದುಡಿದು ಉಣ್ಣುವ ಕಸುಬಾಗಿ ನಿಲ್ಲಲಿ ಎಂದು ಇರುವುದು. ಭಾರತ ಈ ಒಪ್ಪಂದವನ್ನು 2006ರಲ್ಲಿ ಒಪ್ಪಿತು. ದೇಶಗಳು ಮನಸ್ಸು ಬಂದಷ್ಟು ಕೊಡುವ ವಂತಿಗೆಯೇ ಅದರ ಬಂಡವಾಳ.

ಗಂಟು ಇರುವುದು ಅರ್ಜಿಯಲ್ಲಿ. ಅದು ಇಂಗ್ಲಿಷ್ ಇಲ್ಲವೆ ಫ್ರೆಂಚಿನಲ್ಲಿರಬೇಕು. ಹಾಕುವವರು ಸರ್ಕಾರಿ ಸಂಸ್ಥೆಗಳು, ಎನ್‌ಜಿಒಗಳು. ಇಳಕಲ್ಲಿನ ಮಗ್ಗದ ಮೇಲೆ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವಾಕೆ, ಹಲಗೆ ಬಿಗಿದು ಬಾರಿಸುವ ಮಾದಿಗರ ಹುಡುಗ, ಇಬ್ಬರೂ ಅದರೊಳಗೆ 'ಫಲಾನುಭವಿ'ಗಳು. ಅರ್ಜಿದಾರ ಬೇರೆ.

ಹಲಗೆಯ ಕತೆ ಇನ್ನೂ ತೊಡಕಿನದು. ಸೀರೆಗೆ ಅಂಗಡಿಯಿದೆ, ದರವಿದೆ, ನೇಕಾರರ ಪಾಲು ಎಷ್ಟೇ ಸಣ್ಣದಿರಲಿ. ಹಲಗೆ ಬಾರಿಸುವುದನ್ನು ಊರು ಕೂಲಿ ಅನ್ನಲಿಲ್ಲ, ಕಲೆ ಅಂತೂ ಅನ್ನಲೇ ಇಲ್ಲ. ಬಿಟ್ಟಿ ಚಾಕರಿ ಅಂದಿತು. ಬ್ಯಾಡ ಅಂತ ಅದನ್ನು ಕೆಳಗಿಟ್ಟವರು ನಮ್ಮವರೇ, ಇಟ್ಟದ್ದು ಸರಿಯೇ. ಈಗ 'ಸಾಂಸ್ಕೃತಿಕ ಉದ್ಯಮ' ಎಂದು ಹೆಸರಿಟ್ಟು ಅದೇ ಹಲಗೆಯನ್ನು ಅದೇ ಕೈಗೆ ಕೊಟ್ಟರೆ ದರ ಕಟ್ಟುವವರು ಯಾರು?

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಸೂತ್ರಧಾರಿ ಗುಂಡನ ಹೆಸರಿದೆ, ಬಿರುದೂ ಇದೆ. ಕಲ್ಲು ಹೊತ್ತವರದಿಲ್ಲ. ಕತೆ ಕವಿತೆಗಳನ್ನು ಬಿಡಿಸಿ ಓದುವ ನಮ್ಮ ವಿಮರ್ಶೆ ಈ ಅರ್ಜಿಗಳನ್ನೂ ಹಾಗೇ ಓದಲಿ. ಮೊದಲು ಬಜೆಟ್ಟಿನ ಹಾಳೆ ತೆಗೀರಿ: ಸಲಹೆಗಾರರ ಫೀ ಎಷ್ಟು, ಹಲಗೆಯವನ ದಿನಗೂಲಿ ಎಷ್ಟು?