ಯಾಹೂ ಮೆಸೆಂಜರ್ ಹೋಯ್ತು, ಅದಕ್ಕಿಂತ ಹಳೇ ಐಆರ್‌ಸಿ ಇನ್ನೂ ಇದೆ! ಯಾಕೆ?

ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕಾಸು ಕೊಟ್ಟು ಯಾಹೂ ಮೆಸೆಂಜರ್‌ನಲ್ಲಿ ಚಾಟ್ ಮಾಡಿದ ಹಲವರಿಗೆ ಈಗ ನಲವತ್ತು ದಾಟಿದೆ. ಕಂಪನಿ ಅದನ್ನು 2018ರ ಜುಲೈ 17ರಂದು ಮುಚ್ಚಿತು. ಆದರೆ 1988ರಲ್ಲಿ ಫಿನ್ಲೆಂಡ್‌ನ ಯಾರ್ಕೊ ಒಯ್ಕರಿನೆನ್ ರೂಪಿಸಿದ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆ ಇಂದಿಗೂ ನಡೀತಿದೆ.

ಕಾರಣ ಇಷ್ಟೇ. ಐಆರ್‌ಸಿ ಯಾವುದೋ ಒಂದು ಕಂಪನಿಯ ಸ್ವತ್ತಲ್ಲ. ಅದರ ನಿಯಮಗಳು ಬಹಿರಂಗ, ಸರ್ವರ್ ಯಾರು ಬೇಕಾದರೂ ಇಡಬಹುದು. 2021ರಲ್ಲಿ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಹಿಡಿತದ ಬಗ್ಗೆ ಜಗಳವಾದಾಗ, ಅದನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ಹೊರಬಂದು ಲಿಬೆರಾ ಚಾಟ್ ಶುರು ಮಾಡಿದರು. ಬಳಕೆದಾರರು ಸರ್ವರ್ ವಿಳಾಸ ಬದಲಿಸಿ, ಅದೇ ಸಾಫ್ಟ್‌ವೇರ್‌ನಲ್ಲಿ ಮಾತು ಮುಂದುವರಿಸಿದರು.

'ಫೋಟೊ ಕಾಣಲ್ಲ, ನೆಟ್ ಆಫ್ ಇದ್ದಾಗ ಬಂದ ಮೆಸೇಜ್ ಸಿಗಲ್ಲ' ಅಂತ ಈಗಿನ ಹುಡುಗರು ಹೇಳೋದೂ ಸುಳ್ಳಲ್ಲ. ಹಾಗಂತ ಓಪನ್ ಸೋರ್ಸ್ ಅಂದ್ರೆ ಹಿರಿಯರ ಹಳೇ ಗೀಳು ಅಂದುಕೊಳ್ಳಬೇಡಿ. ಅವರ ಕೈಲಿರೋ ಆಂಡ್ರಾಯ್ಡ್ ಫೋನ್ ಓಡೋದೂ ಲಿನಕ್ಸ್ ಮೇಲೆಯೇ.

ವಾಟ್ಸಾಪ್‌ನಲ್ಲೇ ಆರ್ಡರ್, ಉದ್ರಿ ಲೆಕ್ಕ ಇಟ್ಟಿರುವ ಅಂಗಡಿಯವರು ಗಮನಿಸಿ: ತಿಂಗಳಿಗೊಮ್ಮೆ 'ಎಕ್ಸ್‌ಪೋರ್ಟ್ ಚಾಟ್' ಒತ್ತಿ ಪ್ರತಿ ತೆಗೆದಿಡಿ. ಆ್ಯಪ್ ಕಂಪನಿಯದ್ದು, ಲೆಕ್ಕ ನಿಮ್ಮದು.