ಅರ್ಥವೂ ಅನರ್ಥವೂ

ನೆಲದಡಿಯ ನಿಧಿಯನ್ನು ಸರ್ಪವೊಂದು ಕಾಯುತ್ತಿರುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಅರ್ಥಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೂ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ಎಂಬ ಪುಟ್ಟ ದೇಶದ ಚರಿತ್ರೆಯನ್ನು ಓದುವಾಗಲೆಲ್ಲ ಆ ಸರ್ಪ ನೆನಪಾಗುತ್ತದೆ.

ಅಲ್ಲಿ 1930ರಲ್ಲಿ ವಜ್ರ ದೊರೆಯಿತು. 1961ರಲ್ಲಿ ಸ್ವಾತಂತ್ರ್ಯ ಬಂದಿತು. 1991ರ ಮಾರ್ಚ್ ತಿಂಗಳಲ್ಲಿ ಲೈಬೀರಿಯದ ಗಡಿಯಿಂದ ಬಂಡುಕೋರರು ನುಗ್ಗಿದರು. 2002ರ ಜನವರಿಯಲ್ಲಿ ಯುದ್ಧ ಮುಗಿಯಿತೆಂದು ಸಾರುವ ಹೊತ್ತಿಗೆ ಸುಮಾರು 50,000 ಜನ ಮಡಿದಿದ್ದರು. ಸಹಸ್ರಾರು ಮಂದಿ ಕೈಕಾಲು ಕಳೆದುಕೊಂಡಿದ್ದರು. ಎಳೆಯ ಮಕ್ಕಳು ಬಂದೂಕು ಹಿಡಿದಿದ್ದರು.

ಈ ರಕ್ತಪಾತಕ್ಕೂ ವಜ್ರಕ್ಕೂ ಏನು ಸಂಬಂಧ? ಆ ದೇಶದ ವಜ್ರ ಬಹುಮಟ್ಟಿಗೆ ಹೊಳೆಗಳ ಮೆಕ್ಕಲಿನಲ್ಲಿ ಹರಡಿಕೊಂಡಿದೆ. ಗುದ್ದಲಿ, ಜರಡಿ, ನೀರು ಇದ್ದರೆ ಅದನ್ನು ಹೆಕ್ಕಬಹುದು. ಅಂಗಿಯ ಜೇಬಿನಲ್ಲಿಟ್ಟು ಗಡಿ ದಾಟಿಸಬಹುದು. ಹೊಳೆಯ ದಂಡೆ ಯಾರ ಬಂದೂಕಿನ ಅಂಕೆಯಲ್ಲಿದೆಯೋ ವಜ್ರ ಅವರದು; ವಜ್ರವಿದ್ದವರಿಗೆ ಮತ್ತಷ್ಟು ಬಂದೂಕು. ಲೈಬೀರಿಯದ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಟೇಲರ್ ಬಂಡುಕೋರರಿಗೆ ನೆರವಾಗಿ ವಜ್ರ ಪಡೆದನೆಂದು ವಿಶೇಷ ನ್ಯಾಯಾಲಯವು 2012ರಲ್ಲಿ ತೀರ್ಮಾನಿಸಿ, ಅವನ ಅಪರಾಧಗಳಿಗಾಗಿ 50 ವರ್ಷಗಳ ಸೆರೆವಾಸ ವಿಧಿಸಿತು.

ಹಾಗೆಂದು ಎಲ್ಲ ಪಾಪವನ್ನೂ ಕಲ್ಲಿನ ತಲೆಗೆ ಕಟ್ಟಲಾಗದು. 1970ರಲ್ಲಿ 20 ಲಕ್ಷ ಕ್ಯಾರಟ್ ಮೀರಿದ್ದ ಅಧಿಕೃತ ವಜ್ರ ರಫ್ತು 1988ರ ಹೊತ್ತಿಗೆ ಸುಮಾರು 48,000ಕ್ಕೆ ಕುಸಿದಿತ್ತು. ಸಿಯಾಕಾ ಸ್ಟೀವನ್ಸನ ದೀರ್ಘ ಆಳ್ವಿಕೆಯಲ್ಲಿ ನಾಡಿನ ಸೊತ್ತು ಅಧಿಕಾರಸ್ಥರ ಆಪ್ತರಿಗೂ ಕಳ್ಳಸಾಗಣೆಗಾರರಿಗೂ ಹರಿದುಹೋಗಿತ್ತು. ಬೊಕ್ಕಸ ಬರಿದಾಯಿತು, ಶಾಲೆಗಳು ಸೊರಗಿದವು, ತರುಣರಿಗೆ ಉದ್ಯೋಗವಿಲ್ಲವಾಯಿತು. ಬಂಡಾಯದ ಪಡೆಗೆ ಇಂಥವರಲ್ಲಿ ಕೆಲವರು ತಾವಾಗಿ ಸೇರಿದರು, ಅನೇಕರನ್ನು ಎಳೆದೊಯ್ಯಲಾಯಿತು. ರಾಜ್ಯ ಮೊದಲು ಒಳಗಿನಿಂದ ಟೊಳ್ಳಾಯಿತು, ಯುದ್ಧ ಆಮೇಲೆ ಬಂದಿತು.

ಇದಕ್ಕೆ ಪ್ರತಿಯಾಗಿ ಬೋಟ್ಸ್ವಾನಾವನ್ನು ನೋಡಿ. ಅದು 1966ರಲ್ಲಿ ಸ್ವತಂತ್ರವಾಯಿತು. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ಅಲ್ಲಿಯ ವಜ್ರ ಆಳದ ಬಂಡೆಯಲ್ಲಿದೆ. ಯಂತ್ರ, ಬಂಡವಾಳಗಳಿಲ್ಲದೆ ಅದು ಕೈಗೆಟುಕದು. ಪ್ರಕೃತಿಯ ಈ ಅನುಕೂಲದ ಜೊತೆಗೆ ಮನುಷ್ಯರ ವಿವೇಕವೂ ಸೇರಿತು. ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸರ್ಕಾರ ಬುಡಕಟ್ಟುಗಳ ಖನಿಜ ಹಕ್ಕನ್ನು ರಾಷ್ಟ್ರದ ಹೆಸರಿಗೆ ತಂದಿತು. ಒರಾಪಾ ಇದ್ದದ್ದು ಖಾಮಾ ಅವರ ಬುಡಕಟ್ಟಿನ ಸೀಮೆಯಲ್ಲಿಯೇ. ಆದಾಯ ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹೋಯಿತು. ಆ ದೇಶ ಅಂತರ್ಯುದ್ಧವನ್ನು ಕಂಡಿಲ್ಲ.

ಬಂಡುಕೋರರ ವಜ್ರವನ್ನು ತಡೆಯಲು 2003ರಲ್ಲಿ ಕಿಂಬರ್ಲಿ ವ್ಯವಸ್ಥೆ ಜಾರಿಗೆ ಬಂದಿತು. ಸರ್ಕಾರಗಳೇ ನಡೆಸುವ ಹಿಂಸೆ ಮಾತ್ರ ಅದರ ವ್ಯಾಖ್ಯೆಯ ಹೊರಗೇ ಉಳಿಯಿತು. ಇದು ದೂರದವರ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ; ಜಗತ್ತಿನ ಬಹುಪಾಲು ವಜ್ರಗಳು ಸಾಣೆ ಹಿಡಿಸಿಕೊಳ್ಳುವುದು ನಮ್ಮ ಸೂರತ್ತಿನಲ್ಲಿ. ಸಾಣೆಗೊಂಡ ಹರಳು ತನ್ನ ಹುಟ್ಟೂರನ್ನು ಹೇಳುವುದಿಲ್ಲ. ಕೊಳ್ಳುವವರು ಕೇಳಬೇಕು.